ಚಿಕ್ಕ ಅಡುಗೆಮನೆಗೆ ತಕ್ಕ ಗ್ಯಾಸ್ ಒಲೆ

ನಮ್ಮ ಶಾಲೆಯಲ್ಲಿ ಓದಿ ಈಗ ಮನೆ ನಡಿಸುತ್ತಿರುವ ಸಹೋದರಿಯರೇ, ಅವರ ತಾಯಿತಂದೆಗಳೇ,

ಹೊನ್ನಾವರದ ಸಮೀಪದ ಒಂದು ಮನೆಯನ್ನು ನಾವು ಬಲ್ಲೆವು. ಆ ಮನೆಯ ಹಿರಿಯ ಮಗನು ಪರದೇಶದಲ್ಲಿ ದುಡಿದು, ತಾಯಿಯ ಕಷ್ಟವನ್ನು ಪರಿಹರಿಸಬೇಕೆಂಬ ಸದುದ್ದೇಶದಿಂದ, ಮೇಲೆ ನಾಲ್ಕು ಬರ್ನರುಗಳೂ ಕೆಳಗೆ ಓವನ್ನೂ ಉಳ್ಳ ದೊಡ್ಡ ಗ್ಯಾಸ್ ರೇಂಜೊಂದನ್ನು ಕೊಡಿಸಿದನು. ಒಲೆಯು ಬಾಗಲಿಗೆ ಬಂದ ಮೇಲೆ ಅದನ್ನು ಎಲ್ಲಿ ಇಡಬೇಕೆಂಬ ಯೋಚನೆಯು ಹುಟ್ಟಿತು. ಅಡುಗೆಮನೆಯು ಎಂಟು ಅಡಿ ಉದ್ದ, ಎಂಟು ಅಡಿ ಅಗಲದ್ದು. ಒಂದು ಮೂಲೆಯಲ್ಲಿ ನೆಲದ ಮೇಲೆ ಹಳೆಯ ಕಟ್ಟಿಗೆಯ ಒಲೆ, ಎದುರಿಗೆ ಕಟ್ಟೆ, ಹಿಂದೆ ಅಂಗಳದ ಬಾಗಲು. ಬೇರೆ ಸ್ಥಳವಿಲ್ಲದ್ದರಿಂದ ರೇಂಜನ್ನು ಬಾಗಲಿನ ಬದಿಗೂ, ಸಿಲಿಂಡರನ್ನು ಕಟ್ಟಿಗೆಯ ಒಲೆಯ ಪಕ್ಕಕ್ಕೂ ಇಟ್ಟರು. ಮಳೆಗಾಲದ ಒಂದು ಮುಂಜಾನೆ ಸೊಸೆಯು ಹಾಲನ್ನು ಸಣ್ಣ ಉರಿಯ ಮೇಲಿಟ್ಟು ಹಿತ್ತಲಿಗೆ ಹೋದಳು. ಪಡುಗಾಳಿಯು ಬಾಗಲಿನಿಂದ ನುಗ್ಗಿ ಉರಿಯನ್ನು ಆರಿಸಿತು. ಗ್ಯಾಸು ಮಾತ್ರ ಹೊರಬೀಳುತ್ತಲೇ ಇತ್ತು. ಅಷ್ಟರಲ್ಲಿ ಅತ್ತೆಯು ಸ್ನಾನದ ನೀರಿಗೆಂದು ಕಟ್ಟಿಗೆಯ ಒಲೆಯ ಮುಂದೆ ಕುಳಿತು, ಕಡ್ಡಿಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡಳು. ಕಡ್ಡಿಯನ್ನು ಗೀರುವಷ್ಟರಲ್ಲಿ ಕೊಳೆತ ವಾಸನೆಯು ಮೂಗಿಗೆ ತಾಗಿದ್ದರಿಂದ ಆಕೆಯು ಕೈಯನ್ನು ತಡೆದಳು. ಇನ್ನೊಂದು ಕ್ಷಣವಾಗಿದ್ದರೆ ಆ ಮನೆಯ ಕಥೆಯು ಬೇರೆಯಾಗುತ್ತಿತ್ತು.

ಇಲ್ಲಿ ತಪ್ಪು ಮಗನದ್ದಲ್ಲ, ಒಲೆಯದ್ದೂ ಅಲ್ಲ. ಕ್ರಮವು ತಲೆಕೆಳಗಾಗಿತ್ತು. ಮೊದಲು ಒಲೆಯನ್ನು ಕೊಂಡು ಆಮೇಲೆ ಅಡುಗೆಮನೆಯನ್ನು ನೋಡಿದರು. ಮೊದಲು ಅಡುಗೆಮನೆಯನ್ನು ಅಳೆದು, ಆಮೇಲೆ ಒಲೆಯನ್ನು ಆರಿಸತಕ್ಕದ್ದು ಎಂಬದೇ ನಮ್ಮ ಈ ಪಾಠದ ಸಾರಾಂಶವು.

೧. ಗ್ಯಾಸಿನ ಸ್ವಭಾವ

೧೯೬೫ರಲ್ಲಿ ಕಲಕತ್ತೆಯ ಮನೆಯೊಂದಕ್ಕೆ ಇಂಡೇನ್ ಎಂಬ ಹೆಸರಿನ ಗ್ಯಾಸು ಮೊದಲ ಸಾರಿ ಬಂದಿತು. ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಅದಾದ ಮೇಲೆಯೂ ಬಹುಕಾಲ ಕಟ್ಟಿಗೆ, ತೆಂಗಿನ ಸೋಗೆ, ಕರಟ ಇವುಗಳಿಂದಲೇ ಅಡುಗೆಯು ನಡೆಯುತ್ತಿತ್ತು. ೨೦೧೬ನೇ ಮೇ ೧ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಸಿಲಿಂಡರು ಬಂದಿತು. ಇದರಿಂದಾದ ಉಪಕಾರವು ಸಣ್ಣದಲ್ಲ. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಲೋಕದಲ್ಲಿ ಸುಮಾರು ೩೨ ಲಕ್ಷ ಜನರು ಅಕಾಲಮರಣಕ್ಕೆ ಗುರಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಣಿಸಿರುತ್ತದೆ. ಊದುಗೊಳವೆಯನ್ನು ಊದಿ ಊದಿ ಕಣ್ಣು ಕೆಂಪಾದ ನಮ್ಮ ಅಜ್ಜಿಯರಿಗೆ ಈ ಲೆಕ್ಕವನ್ನು ಯಾರೂ ಹೇಳಬೇಕಾದದ್ದಿಲ್ಲ.

ಆದರೆ ಗ್ಯಾಸಿನ ಸ್ವಭಾವವು ಹೊಗೆಯ ಸ್ವಭಾವಕ್ಕೆ ವಿರುದ್ಧವಾದದ್ದು. ಹೊಗೆಯು ಬಿಸಿಯಾಗಿರುವದರಿಂದ ಮೇಲಕ್ಕೆ ಏರುತ್ತದೆ. ಅಡುಗೆಯ ಗ್ಯಾಸು ಪ್ರೋಪೇನ್, ಬ್ಯೂಟೇನ್ ಎಂಬ ಎರಡರ ಮಿಶ್ರಣವಾಗಿದ್ದು, ಗಾಳಿಗಿಂತ ಒಂದೂವರೆಯಿಂದ ಎರಡು ಪಾಲು ಭಾರವಾದದ್ದು. ಆದುದರಿಂದ ಅದು ನೀರಿನಂತೆ ಕೆಳಕ್ಕೆ ಇಳಿದು ನೆಲದ ಮೇಲೆ ಹರಡುತ್ತದೆ. ನಮ್ಮ ಮನೆಗಳಲ್ಲಿ ಕಾಣುವ ಮಂಗಳೂರು ಹಂಚನ್ನು ಬಾಸೆಲ್ ಮಿಶನ್ನಿನವರು ೧೮೬೫ರಿಂದ ಮಂಗಳೂರಿನಲ್ಲಿ ಮಾಡಲಾರಂಭಿಸಿದರು. ಅಂಥ ಹಂಚಿನ ಸಂದುಗಳಿಂದ ಕಟ್ಟಿಗೆಯ ಹೊಗೆಯು ಹೊರಗೆ ಹೋಗುವದು ನಿಜ. ಆದರೆ “ನಮ್ಮದು ಹಂಚಿನ ಮನೆ, ಗಾಳಿ ಬೇಕಾದಷ್ಟಿದೆ” ಎಂದು ಗ್ಯಾಸಿನ ವಿಷಯದಲ್ಲಿ ನೆಮ್ಮದಿಯಿಂದ ಇರಕೂಡದು. ಯಾಕಂದರೆ ಸೋರಿದ ಗ್ಯಾಸು ಮಾಡಿನ ಕಡೆಗೆ ಹೋಗದೆ ಹೊಸ್ತಿಲ ಒಳಗೇ ನಿಲ್ಲುವದು.

ಎಷ್ಟು ಗ್ಯಾಸು ಸೋರಿದರೆ ಅಪಾಯ? ನೂರು ಪಾಲು ಗಾಳಿಯಲ್ಲಿ ಸುಮಾರು ೨ರಿಂದ ೯ ಪಾಲು ಈ ಗ್ಯಾಸು ಬೆರೆತಾಗ ಅದು ಕಿಡಿಗೆ ಹತ್ತಿಕೊಳ್ಳುವದು. ಎಂಟಡಿ ಚೌಕದ ಕೋಣೆಯಲ್ಲಿ ಗ್ಯಾಸು ನೆಲದಿಂದ ಒಂದು ಅಡಿ ಎತ್ತರದ ವರೆಗೆ ನಿಂತಿತೆಂದು ಭಾವಿಸೋಣ. ಆ ಸ್ಥಳವು ೬೪ ಘನ ಅಡಿ, ಅಂದರೆ ಸುಮಾರು ೧.೮ ಘನ ಮೀಟರು. ಅದರ ನೂರರಲ್ಲಿ ಎರಡು ಪಾಲು ಗ್ಯಾಸಿನ ತೂಕವು ಸುಮಾರು ೮೦ ಗ್ರಾಂ ಮಾತ್ರ. ಎರಡು ಕಿಲೋವಾಟು ಶಕ್ತಿಯ ಒಂದು ಬರ್ನರು ಪೂರ್ಣ ತೆರೆದಿರುವಾಗ ಗಂಟೆಗೆ ಸುಮಾರು ೧೫೫ ಗ್ರಾಂ ಗ್ಯಾಸನ್ನು ಬಿಡುವದು. ಅಂದ ಮೇಲೆ ಉರಿ ಆರಿದ ಒಂದು ಬರ್ನರು ಅರ್ಧ ತಾಸು ತೆರೆದಿದ್ದರೆ ಸಾಕಾಗುವದು. ಚಿಕ್ಕ ಅಡುಗೆಮನೆಯ ಗೃಹಿಣಿಯು ಈ ಲೆಕ್ಕವನ್ನು ಮರೆಯಬಾರದು.

೨. ಹಳೆಯ ಒಲೆಯ ಪ್ರಶ್ನೆ

ಹೊಸ ಒಲೆಯನ್ನು ಆರಿಸುವದಕ್ಕೆ ಮೊದಲು ಹಳೆಯ ಒಲೆಯನ್ನು ಏನು ಮಾಡಬೇಕೆಂದು ನಿಶ್ಚಯಿಸತಕ್ಕದ್ದು. ಕುಮಟೆ, ಹೊನ್ನಾವರ, ಭಟ್ಕಳದ ಅನೇಕ ಮನೆಗಳಲ್ಲಿ ಕುಚ್ಚಲಕ್ಕಿಯ ಗಂಜಿಗೂ ಸ್ನಾನದ ನೀರಿಗೂ ಕಟ್ಟಿಗೆಯ ಒಲೆಯು ಈಗಲೂ ಇರುತ್ತದೆ. ಹಿತ್ತಲಲ್ಲಿ ಬಿದ್ದ ಸೋಗೆ, ಕರಟಗಳು ಹಣವಿಲ್ಲದೆ ದೊರೆಯುವಾಗ ಅದನ್ನು ಬಿಡಬೇಕೆಂದು ನಾವು ಹೇಳಲಾರೆವು. ಆದರೆ ನೆಲದ ಮೇಲಿನ ಬೆಂಕಿಯೂ ಗ್ಯಾಸಿನ ಸಿಲಿಂಡರೂ ಒಂದೇ ಕೋಣೆಯಲ್ಲಿ ಇರಕೂಡದು. ಇಳಿದು ಬರುವ ಗ್ಯಾಸು ಮೊದಲು ಸೇರುವ ಸ್ಥಳದಲ್ಲಿಯೇ ಕೆಂಡವಿರುವದಷ್ಟೆ. ಆದುದರಿಂದ ಕಟ್ಟಿಗೆಯ ಒಲೆಯನ್ನು ಬಚ್ಚಲಿಗಾಗಲಿ ಹಿತ್ತಲ ಮಾಡಿಗಾಗಲಿ ಸಾಗಿಸಬೇಕು. ಇದಾಗದಿದ್ದರೆ ಗ್ಯಾಸನ್ನು ಬೇರೆ ಕೋಣೆಯಲ್ಲಿ ಇಡಬೇಕು. ಹಳೆಯ ಒಲೆಯು ಹೊರಟುಹೋದರೆ ಆ ಮೂಲೆಯೂ ನಮಗೆ ದೊರೆಯುವದು. ಅನೇಕ ಮನೆಗಳಲ್ಲಿ “ಸ್ಥಳವಿಲ್ಲ” ಎಂಬ ದೂರು ಇಷ್ಟರಿಂದಲೇ ತೀರುವದು.

ಇನ್ನೊಂದು ಮಾತು. ದನಗಳುಳ್ಳ ಮನೆಗಳಲ್ಲಿ ಗೋಬರ್ ಗ್ಯಾಸು ಇರುವದುಂಟು. ಅದರ ಒಲೆಯನ್ನು ಸಿಲಿಂಡರಿಗಾಗಲಿ, ಸಿಲಿಂಡರಿನ ಒಲೆಯನ್ನು ಗೋಬರ್ ಗ್ಯಾಸಿಗಾಗಲಿ ಹಚ್ಚಕೂಡದು. ಗೋಬರ್ ಗ್ಯಾಸಿನ ಕಾವು ಕಡಿಮೆಯಾದದ್ದರಿಂದ ಅದರ ಜೆಟ್ಟಿನ ತೂತು ದೊಡ್ಡದಾಗಿರುವದು. ಪರದೇಶದಿಂದ ತಂದ ರೇಂಜುಗಳ ಜೆಟ್ಟು ಕೂಡ ಕೊಳವೆಯಲ್ಲಿ ಬರುವ ಬೇರೆ ಅನಿಲಕ್ಕಾಗಿ ಮಾಡಿದ್ದಾಗಿರಬಹುದು. ಹಿಂಬದಿಯ ತಗಡಿನ ಮೇಲೆ ಅದು ಯಾವ ಅನಿಲದ್ದೆಂದು ಬರೆದಿರುತ್ತದೆ. ಅದನ್ನು ಓದಿ, ಬಲ್ಲವರಿಂದ ಜೆಟ್ಟನ್ನು ಬದಲಾಯಿಸದೆ ಹೊತ್ತಿಸಬಾರದು.

೩. ಅಳತೆ

ಅಳತೆಯ ಟೇಪನ್ನೂ ಹಳೆಯ ವರ್ತಮಾನಪತ್ರಿಕೆಗಳನ್ನೂ ತೆಗೆದುಕೊಳ್ಳಿರಿ. ಕಟ್ಟೆಯ ಉದ್ದ, ಅಗಲ, ಎತ್ತರ, ಕಿಟಕಿಯ ಸ್ಥಾನ, ಬಾಗಲು ತೆರೆಯುವ ದಿಕ್ಕು, ಒಲೆಯ ಮೇಲ್ಭಾಗದಲ್ಲಿ ಹಲಗೆಯೇನಾದರೂ ಇದೆಯೋ ಎಂಬದು ಇವೆಲ್ಲವನ್ನೂ ಬರೆದುಕೊಳ್ಳಿರಿ. ಎರಡು ಬರ್ನರಿನ ಒಲೆಯು ಸಾಮಾನ್ಯವಾಗಿ ೬೦ರಿಂದ ೭೦ ಸೆಂಟಿಮೀಟರು ಉದ್ದವಿರುವದು. ಮೂರರದ್ದು ಸ್ವಲ್ಪ ಹೆಚ್ಚು. ನಾಲ್ಕರದ್ದು ಉದ್ದದಲ್ಲಿ ಮಾತ್ರವಲ್ಲದೆ ಅಗಲದಲ್ಲಿಯೂ ೬೦ರ ಸಮೀಪಕ್ಕೆ ಬರುವದುಂಟು. ಅಂಗಡಿಯಲ್ಲಿ ನೋಡಿದ ಒಲೆಯ ಅಳತೆಗೆ ಪತ್ರಿಕೆಯನ್ನು ಕತ್ತರಿಸಿ ಕಟ್ಟೆಯ ಮೇಲೆ ಹಾಸಿ ಎರಡು ದಿನ ಬಿಡಿರಿ. ತರಕಾರಿಯನ್ನು ಹೆಚ್ಚುವದಕ್ಕೆ, ಬಿಸಿ ಪಾತ್ರೆಯನ್ನು ಇಳಿಸುವದಕ್ಕೆ ಎರಡೂ ಬದಿಗಳಲ್ಲಿ ಕನಿಷ್ಠ ಒಂದೊಂದು ಅಡಿ ಉಳಿಯುತ್ತದೋ ಎಂಬದನ್ನು ಆ ಕಾಗದವೇ ತಿಳಿಸುವದು. ಉಳಿಯದಿದ್ದರೆ ಆ ಒಲೆಯು ನಿಮ್ಮದಲ್ಲ.

ಎತ್ತರದ ವಿಷಯವನ್ನು ಹೆಚ್ಚಿನವರು ಗಮನಿಸುವದಿಲ್ಲ. ೧೫೨ ಸೆಂಟಿಮೀಟರು, ಅಂದರೆ ಐದು ಅಡಿ, ಎತ್ತರದ ಹೆಂಗಸಿನ ಮೊಣಕೈಯು ನೆಲದಿಂದ ಸುಮಾರು ೯೫ ಸೆಂಟಿಮೀಟರು ಮೇಲಿರುವದು. ಕಟ್ಟೆ ೮೫, ಅದರ ಮೇಲೆ ಒಲೆ ೧೨, ಅದರ ಮೇಲೆ ಪಾತ್ರೆ ೨೦ ಕೂಡಿದರೆ ಪಾತ್ರೆಯ ಬಾಯಿಯು ೧೧೭ಕ್ಕೆ ಹೋಯಿತು. ಆಕೆಯು ದಿನಾಲೂ ಭುಜವೆತ್ತಿ ಸೌಟನ್ನು ತಿರುವಬೇಕು; ಕುದಿಯುವ ಸಾರಿನ ಹಬೆಯು ನೇರವಾಗಿ ಮುಖಕ್ಕೆ ಬರುವದು. ಒಲೆಯಿಡುವಷ್ಟು ಭಾಗವನ್ನು ಮಾತ್ರ ಒಂದು ಗೇಣಿನ ಅರ್ಧದಷ್ಟು ತಗ್ಗಿಸಿದರೆ ಈ ಕಷ್ಟವು ತೀರುವದು. ಗಾರೆಯವನ ಒಂದೆರಡು ದಿನದ ಕೂಲಿಯು ದೊಡ್ಡ ಒಲೆಯ ಬೆಲೆಗಿಂತ ಎಷ್ಟೋ ಕಡಿಮೆ. ಆದರೆ ಎಷ್ಟು ತಗ್ಗಿಸಿದರೂ ಒಲೆಯು ಸಿಲಿಂಡರಿನ ತಲೆಗಿಂತ ಮೇಲೆಯೇ ಇರತಕ್ಕದ್ದು.

೪. ಬರ್ನರುಗಳು ಎಷ್ಟು?

“ನಾಲ್ಕು ಇದ್ದರೆ ಅನುಕೂಲವಲ್ಲವೇ?” ಎಂದು ನಮ್ಮನ್ನು ಕೇಳುವವರುಂಟು. ನಾಲ್ಕು ಬರ್ನರಿದ್ದರೂ ನಾಲ್ಕು ಪಾತ್ರೆಗಳು ಹಿಡಿಯದಿದ್ದರೆ ಅವುಗಳಿಂದ ಏನು ಪ್ರಯೋಜನ? ಇದಕ್ಕೆ ಒಂದು ಸುಲಭವಾದ ಸೂತ್ರವಿದೆ. ನೀವು ಒಟ್ಟಿಗೆ ಇಡುವ ಎರಡು ದೊಡ್ಡ ಪಾತ್ರೆಗಳನ್ನು ಅಳೆಯಿರಿ. ಒಂದರ ಅಗಲದ ಅರ್ಧ, ಇನ್ನೊಂದರ ಅಗಲದ ಅರ್ಧ, ಇವುಗಳಿಗೆ ಎರಡು ಸೆಂಟಿಮೀಟರನ್ನು ಕೂಡಿಸಿದರೆ ಬರುವ ಮೊತ್ತವೇ ಎರಡು ಬರ್ನರುಗಳ ನಡುವಿನ ಅತಿ ಕಡಿಮೆಯ ಅಂತರವು. ಹೇಗಂದರೆ, ಅನ್ನದ ಪಾತ್ರೆಯು ೨೮, ತೆಳ್ಳೇವಿನ ಕಾವಲಿಯು ೩೦ ಇದ್ದರೆ, ೧೪ಕ್ಕೆ ೧೫ನ್ನೂ ೨ನ್ನೂ ಕೂಡಿಸಿ ೩೧ ಆಯಿತು. ಅಂಗಡಿಯಲ್ಲಿ ಒಂದು ಬರ್ನರಿನ ನಡುವಿನಿಂದ ಇನ್ನೊಂದರ ನಡುವಿಗೆ ಟೇಪನ್ನು ಹಿಡಿದು ನೋಡಿರಿ. ೩೧ಕ್ಕಿಂತ ಕಡಿಮೆಯಿದ್ದರೆ ಅಂಗಡಿಯವರ ಹೊಗಳಿಕೆಯನ್ನು ಕೇಳಬೇಕಾದದ್ದಿಲ್ಲ. ಕುಕ್ಕರಿನ ಹಿಡಿಯು ಪಕ್ಕದ ಉರಿಯ ಮೇಲೆ ಬರುತ್ತದೋ ಎಂಬದನ್ನೂ ನೋಡಬೇಕು.

ಐದಾರು ಜನರ ಮನೆಗೆ, ಸ್ಥಳವು ಕಡಿಮೆಯಾಗಿದ್ದರೆ, ಒಂದು ದೊಡ್ಡದೂ ಒಂದು ಸಣ್ಣದೂ ಆದ ಎರಡು ಬರ್ನರುಗಳ ಒಳ್ಳೆಯ ಒಲೆಯು ಸಾಕೆಂದು ನಮ್ಮ ಅಭಿಪ್ರಾಯವು. ಕುಚ್ಚಲಕ್ಕಿಯು ಬೇಯುವದಕ್ಕೆ ಬಹಳ ಹೊತ್ತು ಬೇಕಾಗುವದರಿಂದ ಒಂದು ಬರ್ನರು ಅದಕ್ಕೇ ಮೀಸಲಾಗುವದೆಂಬ ಕಷ್ಟವುಂಟು. ಅಕ್ಕಿಯನ್ನು ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಮುಚ್ಚಿ, ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಯೋ ಅದಕ್ಕಾಗಿಯೇ ಮಾರುವ ಶಾಖ ಉಳಿಸುವ ಡಬ್ಬಿಯಲ್ಲಿಯೋ ಇಟ್ಟರೆ ಅದು ತನ್ನ ಕಾವಿನಿಂದಲೇ ಬೇಯುವದು. ಬರ್ನರೂ ಬಿಡುವಾಗುವದು, ಗ್ಯಾಸೂ ಉಳಿಯುವದು. ಭಟ್ಕಳದ ಮನೆಗಳಲ್ಲಿ ನೆಂಟರಿಗಾಗಿ ಬಿರಿಯಾನಿಯ ದೊಡ್ಡ ದೇಗನ್ನು ಇಡುವ ಸಂದರ್ಭಗಳುಂಟು. ಅದಕ್ಕಾಗಿ ದೊಡ್ಡ ಮನೆಯೊಲೆಯನ್ನು ಕೊಳ್ಳಬೇಕಾಗಿಲ್ಲ. ಬರ್ನರನ್ನೂ ನಾಬುಗಳನ್ನೂ ಮುಚ್ಚುವಷ್ಟು ಅಗಲದ ಪಾತ್ರೆಯನ್ನು ಮನೆಯ ಒಲೆಯ ಮೇಲೆ, ವಿಶೇಷವಾಗಿ ಗಾಜಿನ ಮೇಲ್ಮೈಯುಳ್ಳ ಒಲೆಯ ಮೇಲೆ, ಇಡಲೇಬಾರದು. ಕಾವು ಕೆಳಕ್ಕೆ ತಿರುಗಿ ಗಾಜು ಒಡೆಯುವದುಂಟು. ಅಂಥ ಅಡುಗೆಯು ಅಂಗಳಕ್ಕೆ ಸೇರಿದ್ದು.

೫. ಓವನ್ ಸಹಿತವಾದ ರೇಂಜು

ಗಲ್ಫ್ ದೇಶಗಳಲ್ಲಿ ಸಂಸಾರ ನಡಿಸಿ ಬಂದವರಿಗೆ ಓವನ್ನುಳ್ಳ ರೇಂಜಿನ ರೂಢಿ ಇರುವದು. ಅಂಥವುಗಳ ಅಗಲವು ಸಾಮಾನ್ಯವಾಗಿ ೫೦, ೬೦ ಅಥವಾ ೯೦ ಸೆಂಟಿಮೀಟರು. ಎತ್ತರವು ೮೫ರಿಂದ ೯೦. ಇದನ್ನು ಇಡಬೇಕಾದರೆ ಕಟ್ಟೆಯನ್ನು ಒಡೆಯಬೇಕು. ರೇಂಜಿನ ಆಳ ೬೦, ತೆರೆದ ಬಾಗಲು ಸುಮಾರು ೪೫, ಬಗ್ಗಿ ನಿಲ್ಲುವದಕ್ಕೆ ಇನ್ನೂ ೪೫ ಕೂಡಿದರೆ ಗೋಡೆಯಿಂದ ೧೫೦ ಸೆಂಟಿಮೀಟರು ಬಿಡುವಿರಬೇಕು. ಎಂಟಡಿಯ ಕೋಣೆಯು ೨೪೪ ಸೆಂಟಿಮೀಟರು. ಎದುರಿಗೆ ೬೦ರ ಕಟ್ಟೆಯಿದ್ದರೆ ಹೇಗೋ ಸಾಲುವದು. ಆರಡಿಯ ಕೋಣೆಯಾದರೆ ೧೮೩ ಮಾತ್ರವಾದದ್ದರಿಂದ ಎದುರುಗಡೆಯ ಕಟ್ಟೆಯನ್ನು ಬಿಟ್ಟುಬಿಡಬೇಕಾಗುವದು.

ಹಾಗಾದರೆ ವರುಷಕ್ಕೆ ಎಷ್ಟು ದಿನ ಓವನ್ನನ್ನು ಹಚ್ಚುವಿರೆಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ವಾರವಾರವೂ ಬ್ರೆಡ್ಡನ್ನೋ ಕೇಕನ್ನೋ ಮಾಡಿ ಮಾರುವ ಸಹೋದರಿಗೆ ೫೦ರ ರೇಂಜು ಉಚಿತವಾದದ್ದೇ. ಹಬ್ಬಕ್ಕೆ ಮಾತ್ರ ಮಾಡುವವಳು ಹಲಗೆಯ ಮೇಲಿಡುವ ಸಣ್ಣ ವಿದ್ಯುತ್ ಓವನ್ನಿನಿಂದ ತೃಪ್ತಳಾಗಬಹುದು. ರೇಂಜನ್ನೇ ಕೊಳ್ಳುವದಾದರೆ, ಉರಿ ಆರಿದ ಕೂಡಲೇ ಗ್ಯಾಸನ್ನು ತಾನಾಗಿ ತಡೆಯುವ ಸಾಧನವು ಎಲ್ಲಾ ಬರ್ನರುಗಳಿಗೂ ಓವನ್ನಿಗೂ ಇದೆಯೋ ಎಂದು ಕೇಳಿರಿ. ನಾವು ಮೊದಲು ಹೇಳಿದ ಮನೆಯಲ್ಲಿ ಇದೊಂದು ಇದ್ದಿದ್ದರೆ ಆ ಅಪಾಯವು ಬರುತ್ತಿರಲಿಲ್ಲ.

೬. ಉಪ್ಪುಗಾಳಿಗೆ ತಾಳುವ ಒಲೆ

ಸಮುದ್ರದ ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಕಬ್ಬಿಣದ ವೈರಿಗಳು. ಬಣ್ಣ ಬಳಿದ ಕಬ್ಬಿಣದ ಒಲೆಯು ಹೊರಗೆ ಚೆಂದವಾಗಿ ಕಂಡರೂ ಅಡಿಯಲ್ಲಿ ತುಕ್ಕು ಹಿಡಿಯುವದು. ಆದುದರಿಂದ ಒಲೆಯನ್ನು ಮಗುಚಿ ಅಡಿಭಾಗವನ್ನು ನೋಡಿರಿ; ಅದೂ ಸ್ಟೇನ್‌ಲೆಸ್ ಸ್ಟೀಲಿನದ್ದಾಗಿದ್ದರೆ ಉತ್ತಮ. ಬರ್ನರು ಹಿತ್ತಾಳೆಯದ್ದಾಗಿರಲಿ. ಗಂಜಿಯು ಉಕ್ಕಿ ಬರ್ನರಿನ ತೂತುಗಳನ್ನು ಮುಚ್ಚುವದು ನಮ್ಮ ಕಡೆ ನಿತ್ಯದ ಮಾತಾದದ್ದರಿಂದ, ಬರ್ನರನ್ನೂ ಅದರ ಕೆಳಗಿನ ತಟ್ಟೆಯನ್ನೂ ಕೈಯಿಂದಲೇ ಎತ್ತಿ ತೊಳೆಯುವಂತಿರಬೇಕು.

ಐ.ಎಸ್.ಐ. ಮುದ್ರೆಯಿಲ್ಲದ ಒಲೆಯನ್ನು ಅಗ್ಗವೆಂದು ಕೊಳ್ಳಬೇಡಿರಿ. ಐ.ಎಸ್. ೪೨೪೬ ಎಂಬ ಭಾರತೀಯ ನಿಯಮದ ಪ್ರಕಾರ ಉರಿಯ ಕಾವಿನಲ್ಲಿ ನೂರಕ್ಕೆ ೬೮ ಪಾಲಾದರೂ ಪಾತ್ರೆಗೆ ತಲಪಬೇಕು. ಒಳ್ಳೆಯ ಒಲೆಯ ಉರಿಯು ನೀಲಿಯಾಗಿರುವದು. ಉರಿಯು ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಗಾಳಿಯು ಸಾಲದೆಂದು ತಿಳಿದು ಕೂಡಲೇ ಸರಿಮಾಡಿಸಬೇಕು. ಯಾಕಂದರೆ ಮುಚ್ಚಿದ ಕೋಣೆಯಲ್ಲಿ ಅಂಥ ಉರಿಯಿಂದ ವಾಸನೆಯಿಲ್ಲದ ಒಂದು ವಿಷಾನಿಲವು ಹುಟ್ಟುವದು.

೭. ಸಿಲಿಂಡರು, ಪೈಪು, ಕಿಟಕಿ

೧೪.೨ ಕಿಲೋ ಗ್ಯಾಸಿನ ಸಿಲಿಂಡರು ತುಂಬಿದಾಗ ಸುಮಾರು ೩೦ ಕಿಲೋ ತೂಗುವದು. ಅದರ ಅಗಲವು ಒಂದು ಅಡಿಗಿಂತಲೂ, ಎತ್ತರವು ಎರಡು ಅಡಿಗಿಂತಲೂ ಸ್ವಲ್ಪ ಹೆಚ್ಚು. ಒಲೆಯ ಸ್ಥಳವನ್ನು ಎಣಿಸುವಾಗ ಇದರ ಸ್ಥಳವನ್ನೂ ಎಣಿಸಬೇಕು. ಅದು ನೆಟ್ಟಗೆ ನಿಂತಿರಬೇಕು. ನೆಲಕ್ಕಿಂತ ತಗ್ಗಾದ ಗುಂಡಿಯಲ್ಲಿ ಇರಕೂಡದು. ಬಾಗಲಿರುವ ಕಪಾಟಿನಲ್ಲಿಟ್ಟರೆ ಬಾಗಲಿನ ಮೇಲೂ ಕೆಳಗೂ ತೂತುಗಳಿರಬೇಕು. ಒಂದೇ ಸಿಲಿಂಡರು ಬಳಕೆಯಲ್ಲಿದ್ದು, ಇನ್ನೊಂದು ಗಾಳಿಯಾಡುವ ಬೇರೆ ಸ್ಥಳದಲ್ಲಿರುವದು ಲೇಸು. ಪೈಪು ಒಂದೂವರೆ ಮೀಟರಿಗಿಂತ ಉದ್ದವಾಗಿರದೆ, ಒಳಗೆ ಉಕ್ಕಿನ ತಂತಿಯುಳ್ಳ ಸುರಕ್ಷಾ ಪೈಪಾಗಿರಬೇಕು. ಅದನ್ನು ಗೋಡೆಯ ತೂತಿನೊಳಗೆ ತೂರಿಸಬಾರದು. ಒಲೆಯ ಹಿಂದೆ ಬಿಸಿಗೆ ತಾಗುವಂತೆ ಬಿಡಬಾರದು. ಅದರ ಮೇಲೆ ಅಚ್ಚಾದ ಅವಧಿಯು ಮುಗಿದೊಡನೆ ಬದಲಾಯಿಸಬೇಕು. ಇಲಿಗಳುಳ್ಳ ಹಳೆಯ ಮನೆಗಳಲ್ಲಿ ಅದನ್ನು ತಿಂಗಳಿಗೊಮ್ಮೆಯಾದರೂ ನೋಡತಕ್ಕದ್ದು.

ಒಲೆಯನ್ನು ಕಿಟಕಿಯ ಅಥವಾ ಬಾಗಲಿನ ನೇರಕ್ಕೆ ಇಡದೆ ಸ್ವಲ್ಪ ಬದಿಗೆ ಇಡಿರಿ. ಹಾಗಾದರೆ ಮಳೆಗಾಲದಲ್ಲಿಯೂ ಕಿಟಕಿಯನ್ನು ಮುಚ್ಚಬೇಕಾಗದು. ನೆಲದ ಮಟ್ಟದಲ್ಲಿ ಹೊರಗೋಡೆಗೆ ಒಂದು ಗೇಣಗಲದ ಗಂಡಿಯನ್ನು ತೆಗೆಯಿಸಿ, ಹಾವು ಹುಳುಗಳು ಬಾರದಂತೆ ಜಾಲರಿಯನ್ನು ಹೊಡೆಯಿಸಿರಿ. ನಮ್ಮ ಚಿರೇಕಲ್ಲಿನ ಗೋಡೆಗಳಲ್ಲಿ ಇದು ಕಷ್ಟವಲ್ಲ. ಇಷ್ಟರಿಂದ, ಇಳಿದ ಗ್ಯಾಸಿಗೆ ಹೊರಗೆ ಹೋಗುವ ದಾರಿಯಾಗುವದು.

ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ನಮ್ಮನ್ನು ಎಚ್ಚರಿಸುವದಕ್ಕಾಗಿಯೇ ಅದರಲ್ಲಿ ದುರ್ವಾಸನೆಯ ದ್ರವ್ಯವನ್ನು ಬೆರೆಸುತ್ತಾರೆ. ಆ ವಾಸನೆಯು ಬಂದರೆ ದೀಪದ ಸ್ವಿಚ್ಚನ್ನು ಹಾಕಲೂ ಬೇಡಿರಿ, ಆರಿಸಲೂ ಬೇಡಿರಿ. ನಾಬನ್ನೂ ರೆಗ್ಯುಲೇಟರನ್ನೂ ಮುಚ್ಚಿ, ಬಾಗಲು ಕಿಟಕಿಗಳನ್ನು ತೆರೆದು, ಎಲ್ಲರನ್ನೂ ಹೊರಗೆ ಕಳುಹಿಸಿ, ಅಂಗಳಕ್ಕೆ ಬಂದ ಮೇಲೆ ೧೯೦೬ಕ್ಕೆ ಫೋನು ಮಾಡಿರಿ. ಈ ಸಂಖ್ಯೆಯನ್ನು ಅಡುಗೆಮನೆಯ ಹೊರಬಾಗಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿರಿ.

೮. ಅಭ್ಯಾಸ

ಪಾಠವೆಂದ ಮೇಲೆ ಅಭ್ಯಾಸವಿಲ್ಲದೆ ಮುಗಿಯದು. ಒಲೆಯನ್ನು ಕೊಳ್ಳುವದಕ್ಕೆ ಮೊದಲು ಈ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರವನ್ನು ಬರೆಯಿರಿ: ಕಟ್ಟಿಗೆಯ ಒಲೆಯು ಎಲ್ಲಿಗೆ ಹೋಗುವದು? ಕಾಗದದ ಅಚ್ಚು ಕಟ್ಟೆಯ ಮೇಲೆ ಕುಳಿತು ಎರಡೂ ಬದಿಗೆ ಸ್ಥಳವು ಉಳಿಯಿತೋ? ಎರಡು ದೊಡ್ಡ ಪಾತ್ರೆಗಳ ಲೆಕ್ಕವು ಎಷ್ಟಾಯಿತು? ಅಡುಗೆ ಮಾಡುವವಳ ಮೊಣಕೈಯ ಎತ್ತರವೆಷ್ಟು? ಸಿಲಿಂಡರು ಎಲ್ಲಿ ನಿಲ್ಲುವದು? ನೆಲದ ಗಾಳಿಗೆ ದಾರಿ ಎಲ್ಲಿ?

ತಂದೆಗಳಿಗೂ ಗಂಡುಮಕ್ಕಳಿಗೂ ನಮ್ಮದೊಂದು ಬಿನ್ನಹವು: ಒಲೆಗೆ ಹಣ ಕೊಡುವವರು ನೀವಾಗಿದ್ದರೂ, ಅದರ ಮುಂದೆ ದಿನವೂ ನಿಲ್ಲುವವಳನ್ನು ಅಂಗಡಿಗೆ ಕರೆದುಕೊಂಡು ಹೋಗಿರಿ. ನಾವು ಹೇಳಿದ ಹೊನ್ನಾವರದ ಮನೆಯಲ್ಲಿ ಈಗ ಅತ್ತೆಯ ಕಟ್ಟಿಗೆಯ ಒಲೆಯು ಬಚ್ಚಲಿನಲ್ಲಿದೆ. ತಗ್ಗಿಸಿದ ಕಟ್ಟೆಯ ಮೇಲೆ ಎರಡು ಬರ್ನರಿನ ಒಲೆಯಿದೆ. ದೊಡ್ಡ ರೇಂಜು ಭಟ್ಕಳದ ದೊಡ್ಡ ಮನೆಯೊಂದಕ್ಕೆ ಹೋಯಿತು. ಆ ಮನೆಯ ಅಡುಗೆಯ ರುಚಿಯು ಏನೂ ಕಡಿಮೆಯಾಗಲಿಲ್ಲವೆಂಬದಕ್ಕೆ ಅಲ್ಲಿ ಉಂಡು ಬಂದ ನಾವೇ ಸಾಕ್ಷಿ.